ಹೊಳೆಯುವ ಬದಿಯ ಭಂಡಾರ

ಅಕ್ಕನ ಮದುವೆಯ ವಿಡಿಯೊ ತೆಗೆದವನು ಗದ್ವಾಲಿನ ಒಬ್ಬ ಸ್ಟುಡಿಯೋದವನು. ಮಾತಿನ ಮಲ್ಲ. ಎಲ್ಲರಿಗೂ ಕೊಡುವ ಡಿವಿಡಿ ಬಿಟ್ಟು ನಮಗೆ ಬ್ಲೂ-ರೇ ಡಿಸ್ಕ್ ಕೊಟ್ಟ. "ಸಿನಿಮಾದಂಗ ಕ್ಲಿಯರ್ ಬರ್ತೈತ್ರಿ, ಮೂಗುತಿ ಹರಳು ಸೈತ ಕಾಣ್ತೈತಿ" ಅಂದ. ಮಕ್ತಲಿನ ನಮ್ಮ ಮನೆಯ ಡಿವಿಡಿ ಪ್ಲೇಯರ್‌ಗೆ ಹಾಕಿದರೆ ಅದು ಡಿಸ್ಕೇ ಇಲ್ಲವೆಂದು ತೋರಿಸಿತು. ಮುಂದೆಂದಾದರೂ ನೋಡಿದರಾಯಿತು ಎಂದು ಎತ್ತಿಟ್ಟೆವು. ಅಕ್ಕ ಇದ್ದಳಲ್ಲ, ಅವಸರವೇನಿತ್ತು?

ಮರುವರ್ಷವೇ ಜ್ವರ ಬಂದು ಅಕ್ಕ ಹೋಗಿಬಿಟ್ಟಳು. ಫೋಟೋಗಳಲ್ಲೆಲ್ಲ ಬಿಗಿದುಕೊಂಡು ನಿಂತಿದ್ದಾಳೆ. ಅವಳ ನಗು ಇದ್ದದ್ದು ಆ ಡಿಸ್ಕ್‌ನಲ್ಲಿ ಮಾತ್ರ. ಬೀರಪ್ಪನ ಗುಡಿಯ ಮುಂದೆ ಸೋದರಮಾವ ಎರಚಿದ ಅರಿಶಿನದ ಭಂಡಾರ ಮೂಗಿಗೆ ಹೋಗಿ, ಬಾಸಿಂಗ ಜಾರುವಷ್ಟು ಜೋರಾಗಿ ಸೀನಿ, ಕ್ಯಾಮೆರಾದ ಎದುರಿಗೇ ಬಾಯಿ ತುಂಬ ನಕ್ಕಿದ್ದಳು. ಆ ನಗುವನ್ನು ಇನ್ನೊಮ್ಮೆ ನೋಡಬೇಕೆನ್ನುವುದೊಂದೇ ಅವ್ವನ ಆಸೆ.

ಒಂದು ದಿನ ಅವ್ವ ಡಿಸ್ಕನ್ನು ತಿರುವಿ ಮುರುವಿ ನೋಡುತ್ತ, "ಯಪ್ಪಾ, ಇದರಾಗ ಯಾವ ಕಡಿಗಿ ಅದಾಳೋ ಆಕಿ?" ಎಂದು ಕೇಳಿದಳು. ನನಗೆ ಬಸ್ಸು ತಪ್ಪುವ ಗಡಿಬಿಡಿ. "ಹೊಳಿಯೋ ಕಡಿಗಿ ಅದಾಳ ಬೇ ಯವ್ವಾ!" ಎಂದು ಸಿಡುಕಿ ಚಪ್ಪಲಿ ಮೆಟ್ಟಿದೆ. ನನ್ನ ಮೂಗಿನ ತುದಿಯ ಸಿಟ್ಟು ಓಣಿಗೆಲ್ಲ ಗೊತ್ತು.

ನಾರಾಯಣಪೇಟೆಯಲ್ಲಿ ಹಳೆಯ ಕಂಪ್ಯೂಟರ್ ಒಂದನ್ನು ಕೊಂಡೆ. ಅದರ ಡ್ರೈವ್‌ಗೂ ಬ್ಲೂ-ರೇ ಒಗ್ಗಲಿಲ್ಲ. ಬ್ಲೂ-ರೇ ಓದುವ ಬೇರೆ ಡ್ರೈವ್ ತರಿಸುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಅದು ಬಂದ ದಿನ ಅವ್ವ ತಲೆಸ್ನಾನ ಮಾಡಿ, ಹೊಸ ಸೀರೆ ಉಟ್ಟು, ದೇವರ ಜಗಲಿಯಿಂದ ಡಿಸ್ಕ್ ತಂದು ಕೊಟ್ಟಳು.

ಚಿತ್ರವೆಲ್ಲ ಅಡಗಿರುವ ಹೊಳೆಯುವ ಬದಿಯ ಮೇಲೆಯೇ ಎಣ್ಣೆಯಲ್ಲಿ ಕಲಸಿದ ಭಂಡಾರದ ದೊಡ್ಡ ಬೊಟ್ಟು! ಹಳೆಯದನ್ನು ಉಜ್ಜಿ ತೆಗೆದು ಹೊಸದು ಹಚ್ಚಿ, ಮೈತುಂಬ ಗೀರು. ಪ್ರತಿ ಭಾನುವಾರ ಬೀರಪ್ಪನ ಜತೆ ಅಕ್ಕನಿಗೂ ಪೂಜೆ ನಡೆದಿತ್ತು. ನಾನು ಒಂದು ದಿನವೂ ಜಗಲಿಯ ಕಡೆ ಕಣ್ಣೆತ್ತಿ ನೋಡಿರಲಿಲ್ಲ.

ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಹಾಕಿದೆ. ಡಿಸ್ಕ್ ಗರಗರ ತಿರುಗಿತು. ಗುಡಿಯ ಬಾಗಿಲು ಕಂಡಿತು, ಡೊಳ್ಳಿನ ಎರಡು ಏಟು ಕೇಳಿಸಿತು, ಭಂಡಾರ ಹಿಡಿದ ಮಾವನ ಕೈ ಮೇಲೆದ್ದಿತು. ಚಿತ್ರ ಅಲ್ಲೇ ನಿಂತುಬಿಟ್ಟಿತು. ಎಷ್ಟು ಸಲ ಹಾಕಿದರೂ ಅಷ್ಟೇ, ಆ ಕೈಯಿಂದ ಆಚೆಗೆ ಹೋಗಲೊಲ್ಲದು. ಅಕ್ಕ ಬರಲೇ ಇಲ್ಲ.

"ನಿನಗೇನು ತಲಿ ಕೆಟ್ಟಿತ್ತೇನು? ಈ ಕಡಿಗಿ ಹಚ್ಚು ಅಂತ ಯಾರು ಹೇಳಿದ್ರು ನಿನಗ?" ಎಂದು ಕೂಗಾಡಿದೆ.

ಅವ್ವ ನನ್ನನ್ನೇ ನೋಡಿದಳು. "ನೀನ ಹೇಳಿದ್ಯಲ್ಲೋ ಯಪ್ಪಾ, ಆಕಿ ಹೊಳಿಯೋ ಕಡಿಗಿ ಅದಾಳ ಅಂತ. ಮಗಳ ಹಣಿ ಬರಿದ ಹೆಂಗ ಬಿಡಲಿ?" ಅಂದಳು.

ಡ್ರೈವ್‌ನಿಂದ ಡಿಸ್ಕ್ ಹೊರತೆಗೆದೆ. ಅವ್ವ ಡಿಸ್ಕನ್ನು ಸೆರಗಿನಿಂದ ಉಜ್ಜಿ ಉಜ್ಜಿ ಒರೆಸಿ, "ಇನ್ನೊಮ್ಮಿ ಹಾಕು" ಎಂದು ನನ್ನ ಕೈಗಿಟ್ಟಳು. ಹಾಗೆ ಉಜ್ಜಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಕಿದೆ.