ಒಂದು ಕರಟದಷ್ಟು ಹೊತ್ತು

ಗೊಳಕ್, ಗೊಳಗೊಳ, ಮತ್ತೆ ಗೊಳಕ್. ಕೆರೆಯ ತೂಬಿನಿಂದ ಕಾಲುವೆಗೆ ಬೀಳುವ ನೀರಿನ ಸದ್ದು ಚನ್ನಪ್ಪನ ಮನೆಯ ಜಗಲಿಗೆ ಹಗಲೆಲ್ಲ ಕೇಳುತ್ತದೆ. ಬೇರೆಯವರಿಗೆ ಅದು ಬರೀ ನೀರು. ಚನ್ನಪ್ಪನಿಗೆ ಮಾತ್ರ ಸುದ್ದಿ. “ಬಾಯ್ಗೆ ಕಸ ಕಟ್ಕಂಡದೆ” ಎನ್ನುತ್ತಾನೆ ಒಮ್ಮೆ. “ಯಾರೋ ಅಡ್ಡ ಕಲ್ಲಿಟ್ಟವ್ರೆ” ಎನ್ನುತ್ತಾನೆ ಇನ್ನೊಮ್ಮೆ. ಹೋಗಿ ನೋಡಿದರೆ ಹಾಗೇ ಇರುತ್ತದೆ.

ಹಿರೀಸಾವೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಈ ಊರಿಗೆ ಅವನು ಮೂವತ್ತೆಂಟು ವರ್ಷ ನೀರುಗಂಟಿಯಾಗಿದ್ದ. ಕೆರೆಯ ನೀರನ್ನು ಸರದಿಯಂತೆ ಒಬ್ಬೊಬ್ಬರ ಗದ್ದೆಗೂ ಬಿಡುವುದು, ಹೊತ್ತು ಮುಗಿದ ಕೂಡಲೇ ಕಾಲುವೆಗೆ ಅಡ್ಡ ಮಣ್ಣಿನ ಮಡೆ ಕಟ್ಟಿ ಮುಂದಿನವರ ಕಡೆಗೆ ತಿರುಗಿಸುವುದು ಅವನ ಕೆಲಸ. ಈಗ ಗದ್ದೆಗಳೆಲ್ಲ ತೆಂಗಿನ ತೋಟಗಳಾಗಿವೆ, ತೋಟಕ್ಕೊಂದು ಕೊಳವೆಬಾವಿ ಬಂದಿದೆ. ನೀರು ಬೇಕಾದವರು ಸ್ವಿಚ್ ಒತ್ತುತ್ತಾರೆ. ನೀರುಗಂಟಿಯನ್ನು ಯಾರೂ ಕರೆಯುವುದಿಲ್ಲ.

ಅವನ ಮೊಮ್ಮಗಳು ತೇಜಶ್ರೀ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಾಳೆ. ಆ ವರ್ಷ ಇತಿಹಾಸದಲ್ಲಿ ಪ್ರಾಚೀನ ಗ್ರೀಸ್ ಮತ್ತು ರೋಮ್ ಎಂಬ ಪತ್ರಿಕೆ ಇತ್ತು. ಅದನ್ನು ಕಂಡರೆ ಇಡೀ ತರಗತಿಗೆ ಅಳುಕು. ಪಕ್ಕದಲ್ಲಿ ಕೂರುವ ರೂಪಶ್ರೀ ನೋಟ್ಸ್ ಮುಚ್ಚಿಟ್ಟು, “ಪೆರಿಕ್ಲೀಸು, ಕ್ಲೈಸ್ತನೀಸು, ಸಾಕ್ರಟೀಸು... ಎಲ್ಲರ ಹೆಸರೂ ಸೀನಿದಂಗೆ ಅದೆ ಕಣೇ. ಊರಿಗೂರೇ ನೆಗಡಿ ಬಂದಿತ್ತೇನೋ!” ಎಂದು ನಗಿಸುತ್ತಿದ್ದಳು.

ತೇಜಶ್ರೀಯೂ ನಗುತ್ತಿದ್ದಳು. ಆದರೆ ಬೆಳಗಿನ ಬಸ್ಸಿನಲ್ಲಿ, ಕಿಟಕಿಯ ಕಂಬಿಗೆ ಮೊಣಕೈ ಸಿಕ್ಕಿಸಿಕೊಂಡು, ಜೆರಾಕ್ಸ್ ಹಾಳೆಗಳನ್ನು ಓದುವಾಗ ಅವಳಿಗೆ ಬೇರೆಯೇ ಏನೋ ಆಗುತ್ತಿತ್ತು. ಬೆಟ್ಟದ ಬಂಡೆಯ ಮೇಲೆ ಸಾವಿರಾರು ಜನ ಕೂತು, ಕೈ ಎತ್ತಿ, ಊರಿನ ವಿಚಾರ ತೀರ್ಮಾನಿಸುತ್ತಿದ್ದರಂತೆ. ಹೆಂಗಸರನ್ನು, ಗುಲಾಮರನ್ನು ಅಲ್ಲಿಗೆ ಸೇರಿಸುತ್ತಿರಲಿಲ್ಲವಂತೆ. ಮೊದಲನೆಯದನ್ನು ಓದಿ ಮೈ ಜುಮ್ಮೆಂದರೆ ಎರಡನೆಯದಕ್ಕೆ ಸಿಟ್ಟು ಬರುತ್ತಿತ್ತು. ಸತ್ತವರ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

“ಎರಡೂವರೆ ಸಾವ್ರ ವರ್ಸದಿಂದೆ ಸತ್ತೋರ್ ಚಿಂತೆ ನಿಂಗ್ಯಾಕೆ?” ಎನ್ನುತ್ತಿದ್ದಳು ಅವಳ ತಾಯಿ ಲಕ್ಕಮ್ಮ. “ಬದುಕಿರೋ ನಿಮ್ಮಪ್ಪ ಮುದ್ದೆಗೆ ಕಾಯ್ತಾ ಕೂತವ್ನೆ, ಬಡಿಸು ಓಗು.”

ತೇಜಶ್ರೀಗೆ ಒಂದೇ ಒಂದು ಛಲವಿತ್ತು. ಪ್ರತಿವರ್ಷ ಹಾಸನದಲ್ಲಿ ಸುತ್ತಲ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳಿಗೆ ಒಂದು ವಿಚಾರ ಸಂಕಿರಣ ನಡೆಯುತ್ತದೆ. ಹಿಂದಿನ ವರ್ಷ ಅವಳು ತಿಂಗಳುಗಟ್ಟಲೆ ತಯಾರಾಗಿ ಹೋಗಿದ್ದಳು. ಆಹ್ವಾನ ಪತ್ರಿಕೆಯಲ್ಲಿ ಅವಳ ಹೆಸರಿನ ಮುಂದೆ ಹತ್ತು ನಿಮಿಷ ಎಂದು ಅಚ್ಚಾಗಿತ್ತು. ಆದರೆ ಅತಿಥಿಗಳು ಮಾತಾಡಿದರು, ಸ್ವಾಗತಿಸಿದವರು ಮಾತಾಡಿದರು, ಹಾರ ಹಾಕಿದವರೂ ಎರಡು ಮಾತಾಡಿದರು. ಅವಳು ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ ಅಡುಗೆಯ ಘಮ ಸಭಾಂಗಣಕ್ಕೆ ಬಂದಿತ್ತು. “ಸಮಯದ ಅಭಾವ ಇದೆಯಮ್ಮ, ಎರಡೇ ನಿಮಿಷ” ಎಂದರು ನಿರೂಪಕರು. ಅವಳು ಪೀಠಿಕೆಯನ್ನಷ್ಟೇ ಓದಿ ಕೆಳಗಿಳಿದಳು. ಈ ಸಲ ಕೊನೆಯ ವರ್ಷ. ಬಹುಮಾನ ಬರದಿದ್ದರೂ ಬೇಡ, ತನ್ನ ಹತ್ತು ನಿಮಿಷ ತನಗೆ ಪೂರ್ತಿ ಸಿಗಬೇಕು.

ಒಂದು ಭಾನುವಾರ ಜಗಲಿಯಲ್ಲಿ ಕೂತು ಜೋರಾಗಿ ಓದಿಕೊಳ್ಳುತ್ತಿದ್ದಳು. ಅಥೆನ್ಸಿನ ನ್ಯಾಯಾಲಯದ ಪಾಠ. ಅಲ್ಲಿ ವಾದಿ ಪ್ರತಿವಾದಿಗಳಿಗೆ ನೀರಿನಿಂದ ಹೊತ್ತು ಅಳೆದು ಕೊಡುತ್ತಿದ್ದರು. ತಳದಲ್ಲಿ ತೂತಿದ್ದ ಮಡಕೆಯಿಂದ ನೀರು ಸುರಿದು ಮುಗಿಯುವವರೆಗೆ ಮಾತಾಡಬೇಕು. ಇಬ್ಬರಿಗೂ ಅಷ್ಟೇ ನೀರು. “ನನ್ನ ನೀರಿನಲ್ಲಿ ಹೇಳುತ್ತಿದ್ದೇನೆ” ಎಂದೇ ಅವರು ವಾದಿಸುತ್ತಿದ್ದರು.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಚನ್ನಪ್ಪನ ಬೆರಳು ನಿಂತಿತು. “ಇನ್ನೊಂದ್ ದಪ ಓದವ್ವಾ.”

ಓದಿದಳು.

“ನೀರು ಯಾರು ನೋಡ್ಕತಿದ್ರು?”

“ಅದಕ್ಕೇ ಒಬ್ಬ ಇರ್ತಿದ್ದ ತಾತ. ಚೀಟಿ ಎತ್ತಿ ಆರಿಸ್ತಿದ್ರಂತೆ. ಕಾನೂನು ಓದುವಾಗ, ಸಾಕ್ಷಿ ಓದುವಾಗ ಅವನು ತೂತಿಗೆ ಬೆಣೆ ಹಾಕಿ ನೀರು ನಿಲ್ಲಿಸ್ತಿದ್ದ.”

“ಮಡೆ ಒಡೆದ್ರೆ ನಾನೂ ಅಂಗೇ ಲೆಕ್ಕ ನಿಲ್ಲಿಸ್ತಿದ್ದೆ. ಅಂಗಾದ್ರೆ ಅಲ್ಲೂ ನೀರುಗಂಟಿ ಇದ್ದ ಅನ್ನು” ಎಂದು ಚನ್ನಪ್ಪ ಎದ್ದು ಒಳಗೆ ಹೋದ. ಅಟ್ಟದ ಮೇಲೆ ಏನೋ ಎಳೆದಾಡಿದ ಸದ್ದಾಯಿತು. ಬರುವಾಗ ಕೈಯಲ್ಲಿ ಹಳೆಯ ವಸ್ತ್ರದ ಗಂಟು. ಬಿಚ್ಚಿದರೆ ಒಂದು ತೆಂಗಿನ ಕರಟ. ಹೊರಮೈ ಉಜ್ಜಿ ಉಜ್ಜಿ ಕಪ್ಪು ಗಾಜಿನಂತಾಗಿತ್ತು. ತಳದಲ್ಲಿ ಸೂಜಿಮೊನೆಯಷ್ಟು ತೂತು. ಬೋಗುಣಿಯ ನೀರಿನ ಮೇಲೆ ಅವನು ಅದನ್ನು ತೇಲಿಬಿಟ್ಟ. ತೂತಿನಿಂದ ನೀರು ಒಳಗೆ ಸಣ್ಣ ದಾರದಂತೆ ಏರತೊಡಗಿತು. ಬಹಳ ಹೊತ್ತಿನ ಮೇಲೆ ಕರಟ ತುಂಬಿ, ಬುಳುಕ್ ಎಂದು ಮುಳುಗಿತು.

“ಅಷ್ಟೊತ್ತು ಒಬ್ಬರ ನೀರು. ಗದ್ದೆ ದೊಡ್ಡದಿದ್ರೆ ಎರಡು ಕರಟ, ಮೂರು ಕರಟ. ಮುಳುಗಿದ ಮ್ಯಾಕೆ ಪಟೇಲ್ರೇ ಬಂದು ಕೇಳಿದ್ರೂ ಇಲ್ಲ.”

ಬಾಗಿಲಲ್ಲಿ ನಿಂತಿದ್ದ ಲಕ್ಕಮ್ಮ ಮೂಗು ಮುರಿದಳು. “ಪಟೇಲ್ರ ಇಚಾರ ಬುಡು. ನಾನು ಮದ್ವೆಯಾಗಿ ಬಂದ ವರ್ಸ ನಮ್ಮ ಗದ್ದೆ ಅರ್ಧ ನೆಂದಿತ್ತು, ಕರಟ ಮುಳುಗ್ತು. ಇನ್ನೊಂದ್ ಚಣ ಬುಡಿ ಮಾವ ಅಂದೆ. ಮಡೆ ಕಟ್ಟೇಬುಟ್ರು. ಆ ಮಹರಾಯ್ರು ಇವ್ರೇ.”

ಚನ್ನಪ್ಪ ನಾಚಿಕೊಂಡವನಂತೆ ಎಲೆ ಬಾಯಿಗಿಟ್ಟುಕೊಂಡ.

ತೇಜಶ್ರೀ ಮರುದಿನವೇ ಇತಿಹಾಸದ ಸ್ನೇಹಲತಾ ಮೇಡಂಗೆ ಹೇಳಿದಳು. ಸಂಕಿರಣದ ವೇದಿಕೆಯ ಮೇಲೆ ಕರಟ ಇಟ್ಟು, ಎಲ್ಲರ ಮಾತಿಗೂ ಅದರಿಂದಲೇ ಹೊತ್ತು ಅಳೆದರೆ? ಮೇಡಂ ಹಾಸನಕ್ಕೆ ಫೋನ್ ಮಾಡಿದರು. ಅಲ್ಲಿಯವರು ಅದನ್ನು ಹೂದಾನಿಯಂಥ ಒಂದು ಅಲಂಕಾರ ಎಂದುಕೊಂಡರೇನೋ, ಕೂಡಲೇ ಒಪ್ಪಿದರು. ವಿದ್ಯಾರ್ಥಿಗಳಿಗೆ ತಲಾ ಒಂದು ಕರಟ, ಅತಿಥಿಗಳಿಗೆ ಎರಡು.

ಒಂದೇ ತೊಡಕು. ಮೊಬೈಲಿನಲ್ಲಿ ನೋಡಿದರೆ ಕರಟ ಮುಳುಗಲು ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು. ಬೇಕಾದದ್ದು ಹತ್ತು. ತೂತು ಒಂಚೂರು ದೊಡ್ಡದಾದರೆ ಸರಿಹೋಗುತ್ತದೆ ಎಂದುಕೊಂಡು, ತಾತ ಹಿರೀಸಾವೆಗೆ ಹೋಗಿದ್ದಾಗ ತೇಜಶ್ರೀ ದಬ್ಬಳವನ್ನು ಒಲೆಯಲ್ಲಿ ಕಾಯಿಸಿ ತೂತಿಗೆ ಚುಚ್ಚಿದಳು. ಸುಟ್ಟ ವಾಸನೆ ಬಂತು. ನೀರಿಗೆ ಬಿಟ್ಟಳು. ಐದು ನಿಮಿಷಕ್ಕೆ ಬುಳುಕ್.

ಚನ್ನಪ್ಪ ಬಂದು ಕರಟವನ್ನು ಬೆಳಕಿಗೆ ಹಿಡಿದು ನೋಡಿದ. ಬೈಯಲಿಲ್ಲ. “ಎಷ್ಟು ಜನದ ನೀರು ಇದ್ರಾಗಿತ್ತು, ಗೊತ್ತೇನವ್ವಾ?” ಎಂದಷ್ಟೇ ಹೇಳಿ ಕೆರೆ ಏರಿಯ ಕಡೆ ಹೊರಟುಹೋದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಆ ದಿನ ಅವಳು ಪುಸ್ತಕ ತೆರೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಎಲೆಯಲ್ಲಿ ಸುತ್ತಿದ ಜೇನುಮೇಣದೊಂದಿಗೆ ಬಂದ. “ಅತ್ತು ನಿಮಿಸ ತಾನೆ ಬೇಕಾದ್ದು? ಬಾ ಕೂತ್ಕೊ.” ಮೇಣವನ್ನು ಬೆರಳಲ್ಲಿ ಮೆತ್ತಗೆ ಮಾಡಿ ತೂತಿಗೆ ತುಂಬಿದ. ಆರಿದ ಮೇಲೆ ಜಾಲಿಮುಳ್ಳಿನಿಂದ ಚುಚ್ಚಿದ. ಎಂಟೂವರೆ ನಿಮಿಷ. ಮತ್ತೆ ಮೇಣ, ಮತ್ತೆ ಮುಳ್ಳು. ಹನ್ನೊಂದು. ಮೂರು ದಿನ ಇದೇ ಕೆಲಸ. ಅವಳು ಮೊಬೈಲ್ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿ ತೂಬಿನ ಸದ್ದು ಕೇಳುತ್ತ ಕೂರುತ್ತಿದ್ದ. ಅವನು “ಈಗ” ಎಂದದ್ದು, ಅವಳ ಮೊಬೈಲಿನಲ್ಲಿ ಹತ್ತು ತುಂಬಿದ್ದು, ಕರಟ ಮುಳುಗಿದ್ದು ಮೂರೂ ಒಟ್ಟಿಗೇ ಆದದ್ದು ಹದಿನೇಳನೆಯ ಸಲ.

ಅದಾದ ವಾರಕ್ಕೆ ಸ್ನೇಹಲತಾ ಮೇಡಂ ಕೊಟ್ಟ ದಪ್ಪ ಪುಸ್ತಕವೊಂದರಲ್ಲಿ ಅವಳು ಒಂದು ಸಾಲು ಕಂಡಳು. ಗ್ರೀಕರು ಕಾವಲಿನ ಪಾಳಿಗೆ ಬಳಸುತ್ತಿದ್ದ ನೀರಿನ ಮಡಕೆಯ ಒಳಗೆ ಮೇಣ ಬಳಿಯುತ್ತಿದ್ದರಂತೆ. ಇರುಳು ಚಿಕ್ಕದಾದಾಗ ಮೇಣ ಹೆಚ್ಚು, ನೀರು ಕಡಿಮೆ; ದೊಡ್ಡದಾದಾಗ ಮೇಣ ಕಡಿಮೆ, ನೀರು ಹೆಚ್ಚು. ತೇಜಶ್ರೀ ಗ್ರಂಥಾಲಯದಲ್ಲೇ ಎದ್ದು ನಿಂತಳು. ಎದುರಿನ ಬೆಂಚಿನ ರೂಪಶ್ರೀ, “ಏನಾಯ್ತೇ, ಇರುವೆ ಕಚ್ತಾ?” ಎಂದಳು. ಆ ಸಾಲನ್ನು ಅಂಗೈ ಮೇಲೇ ಬರೆದುಕೊಂಡು ಬಸ್ಸು ಹತ್ತಿದಳು. ತಾತನಿಗೆ ಓದಿ ಹೇಳಿದಾಗ ಅವನು ಸ್ವಲ್ಪವೂ ಆಶ್ಚರ್ಯಪಡಲಿಲ್ಲ.

“ಮತ್ತಿನ್ನೇನ್ ಹಾಕ್ತಾರೆ? ಮೇಣಾನೇ ಹಾಕ್ಬೇಕು” ಎಂದ.

ಸಂಕಿರಣದ ದಿನ ಕರಟವನ್ನು ಅವಳೊಬ್ಬಳ ಕೈಗೆ ಕೊಡಲು ಅವನು ಸುತರಾಂ ಒಪ್ಪಲಿಲ್ಲ. “ಕರಟ ಓದ ಕಡೆ ನಾನು” ಎಂದು ಒಗೆದ ಪಂಚೆ ಉಟ್ಟು, ತಾಮ್ರದ ಬೋಗುಣಿ ಕಂಕುಳಲ್ಲಿಟ್ಟುಕೊಂಡು ಹೊರಟ. ಬಸ್ಸಿನಲ್ಲಿ ಕಂಡಕ್ಟರ್, “ಏನ್ ಯಜಮಾನ್ರೇ, ಬೀಗರೂಟಕ್ಕಾ?” ಎಂದ. “ಊಂ ಕಣಪ್ಪಾ, ಗ್ರೀಸ್ನೋರ ಮನೇಗೆ” ಎಂದ ಚನ್ನಪ್ಪ.

ಸಭಾಂಗಣದಲ್ಲಿ ಬೋಗುಣಿಯನ್ನು ವೇದಿಕೆಯ ಅಂಚಿನ ಮೇಜಿನ ಮೇಲೆ, ಒಂದು ಮೈಕಿನ ಪಕ್ಕದಲ್ಲಿ ಇಟ್ಟರು. ಚನ್ನಪ್ಪ ಅದರ ಹಿಂದೆ ಕುರ್ಚಿಯಲ್ಲಿ ಬೆನ್ನು ತಾಗಿಸದೆ ಕೂತ. ಮೊದಲು ಮಾತಾಡಿದವರು ನಿವೃತ್ತ ಪ್ರಾಂಶುಪಾಲರಾದ ಗಂಗಾಧರಯ್ಯನವರು. ಒಂದು ಕರಟ ಮುಳುಗಿತು, ಚನ್ನಪ್ಪ ಎತ್ತಿ ಮತ್ತೆ ತೇಲಿಬಿಟ್ಟ. ಎರಡನೆಯದೂ ಮುಳುಗಿತು. ಬುಳುಕ್ ಎಂಬ ಸದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿತು. ಗಂಗಾಧರಯ್ಯನವರು ಮಾತ್ರ, “ನಮ್ಮ ಕಾಲದಲ್ಲಿ ಗುರುಗಳೆಂದರೆ...” ಎಂದು ಹೊಸದೊಂದು ವಿಷಯಕ್ಕೆ ಕಾಲಿಟ್ಟಿದ್ದರು.

ಚನ್ನಪ್ಪ ಎದ್ದು ನಿಂತ. “ಸಾ, ನಿಮ್ಮ ನೀರು ಮುಗೀತು.”

ಗಂಗಾಧರಯ್ಯನವರು ಕನ್ನಡಕದ ಮೇಲಿಂದ ನೋಡಿ, “ಇನ್ನೊಂದು ಕರಟ ಕಡ ಕೊಡಿ ಯಜಮಾನರೇ” ಎಂದರು.

“ಕೊಡಾಂಗಿಲ್ಲ ಸಾ. ಕೆಳಗಡೇರ ಗದ್ದೆ ಒಣಗ್ತದೆ.”

ಮೊದಲು ನಕ್ಕವರು ಗಂಗಾಧರಯ್ಯನವರೇ. ಆಮೇಲೆ ಸಭೆಯೆಲ್ಲ ನಕ್ಕಿತು. ಅವರು ಕಾಗದ ಮಡಚಿಕೊಂಡು ಕೂತರು. ಅವರ ನಂತರ ಬಂದವರೆಲ್ಲ ಬೋಗುಣಿಯ ಕಡೆ ಒಂದು ಕಣ್ಣಿಟ್ಟೇ ಮಾತಾಡಿದರು. ಹಾಸನದ ಹುಡುಗ, ಅರಕಲಗೂಡಿನ ಹುಡುಗಿ, ಹೊಳೆನರಸೀಪುರದ ಹುಡುಗ, ಒಬ್ಬೊಬ್ಬರಿಗೂ ಪೂರ್ತಿ ಒಂದು ಕರಟ.

ಕೊನೆಗೆ ತೇಜಶ್ರೀ. ಅಡುಗೆಯ ಘಮ ಈ ಸಲವೂ ಬಂದಿತ್ತು. ಆದರೆ ಯಾರೂ ಸಮಯದ ಅಭಾವ ಎನ್ನಲಿಲ್ಲ. ಅವಳು ಮೈಕಿನ ಮುಂದೆ ನಿಂತು ತಾತನ ಕಡೆ ನೋಡಿದಳು. ಕರಟ ನೀರಿಗಿಳಿಯಿತು.

ಕಾಗದ ನೋಡದೆ ಮಾತಾಡಿದಳು. ಅಥೆನ್ಸಿನ ನ್ಯಾಯಾಲಯದ ಮಡಕೆ, ಇಬ್ಬರಿಗೂ ಸಮನಾದ ನೀರು. ಆ ನೀರು ಹೆಂಗಸರಿಗೂ ಗುಲಾಮರಿಗೂ ಸಿಗಲಿಲ್ಲ ಎಂಬುದು. ವಕೀಲನಿಗೆ ಮಾತಾಡಲು ಹೊತ್ತು ಕೊಡುವುದನ್ನು ರೋಮಿನವರು ನೀರು ಕೊಡುವುದು ಎಂದೇ ಕರೆದದ್ದು. ಮೇಣ ಬಳಿದ ಕಾವಲಿನ ಮಡಕೆ. ಆಮೇಲೆ ತಾನು ಕೆಡಿಸಿದ ತೂತು, ಹದಿನೇಳು ಸಲದ ಜಾಲಿಮುಳ್ಳು. ಇದು ನನ್ನ ನೀರು ಎಂದುಕೊಂಡಳು ಮನಸ್ಸಿನಲ್ಲೇ. ಎಲ್ಲರಿಗೂ ಸಿಕ್ಕಷ್ಟೇ. ಆ ನೀರನ್ನು ಕಾಯುತ್ತಿರುವವನು ಮೂವತ್ತೆಂಟು ವರ್ಷ ಹೀಗೇ ಕಾದವನು.

“ನೀರು ನೋಡಿಕೊಳ್ಳುತ್ತಿದ್ದ ಆ ಮನುಷ್ಯನ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ” ಎಂದಳು. “ಆದರೆ ನಮ್ಮೂರಿನಲ್ಲಿ ಆ ಕೆಲಸ ಮಾಡಿದವರ ಹೆಸರು ನನಗೆ ಗೊತ್ತು. ಅವರ ಹೆಸರು...”

ಬುಳುಕ್.

ಚನ್ನಪ್ಪ ಕರಟ ಎತ್ತಿ, ಬಗ್ಗಿಸಿ, ನೀರು ಚೆಲ್ಲಿದ. “ಮುಗೀತು ಕಣವ್ವಾ” ಎಂದ, ಎಲ್ಲರಿಗೂ ಹೇಳಿದ ದನಿಯಲ್ಲೇ.

“ಅಯ್ಯೋ, ಹೇಳಮ್ಮ, ಹೆಸರೊಂದು ಹೇಳಿಬಿಡು!” ಗಂಗಾಧರಯ್ಯನವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಹಿಂದಿನ ಸಾಲಿನಿಂದಲೂ, “ಹೇಳಿ, ಹೇಳಿ” ಎಂಬ ಕೂಗು ಬಂತು.

ತೇಜಶ್ರೀ ತಾತನ ಮುಖ ನೋಡಿದಳು. ಅರ್ಧ ನೆಂದ ಗದ್ದೆಯ ಮಡೆ ಕಟ್ಟಿದವನ ಮುಖ. ಅವಳ ಕುತ್ತಿಗೆ ತಾನಾಗಿ ನೆಟ್ಟಗಾಯಿತು.

“ಇಲ್ಲ ಸರ್, ನನ್ನ ನೀರು ಮುಗಿದಿದೆ. ಹೆಸರು ಬೇಕಾದರೆ ಅವರನ್ನೇ ಕೇಳಿ” ಎನ್ನುತ್ತಲೇ ಸಭೆಗೆ ಕೈಮುಗಿದು, ಬೋಗುಣಿ ಎತ್ತಿಕೊಳ್ಳಲು ತಾತನ ಕಡೆಗೆ ನಡೆದುಬಿಟ್ಟಳು.