ತೊಳೆಯದ ಅಚ್ಚು

ಕಲ್ಲವ್ವ ಗಜೇಂದ್ರಗಡದವಳು, ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಗೊಂಬೆ ಎರೆಯುವ ಮನೆಯ ಮಗಳು. ಈಗ ನರಗುಂದದಲ್ಲಿ ಮೇಧಾ ಎಂಬುವವರ ಸಣ್ಣ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆಯ ಹೊಸ ಪಟ್ಟಿಗಳನ್ನು ತೊಳೆಯುತ್ತಾಳೆ.

ಪಟ್ಟಿಯ ತುದಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಪೊರೆ ಮಾಡುವಾಗ ಅದರಲ್ಲಿ ಕ್ರಿಯಾಟಿನಿನ್ ಬೆರೆಸುತ್ತಾರೆ. ಮೂತ್ರಪಿಂಡ ಕೆಟ್ಟರೆ ರಕ್ತದಲ್ಲಿ ಹೆಚ್ಚುವ ವಸ್ತು ಅದು. ಆಮೇಲೆ ಅದನ್ನು ತೊಳೆದು ತೆಗೆದರೆ ಅದರದೇ ಆಕಾರದ ಕುಳಿಗಳು ಉಳಿಯುತ್ತವೆ. ರಕ್ತದಲ್ಲಿರುವ ಕ್ರಿಯಾಟಿನಿನ್ ಬಂದು ಆ ಕುಳಿಗಳಲ್ಲಿ ಕೂತಷ್ಟೂ ಪಟ್ಟಿಯ ವಿದ್ಯುತ್ತು ಇಳಿಯುತ್ತದೆ. ಯಂತ್ರ ಆ ಇಳಿತವನ್ನು ಅಳೆಯುತ್ತದೆ; ಇಳಿತ ಹೆಚ್ಚಿದಷ್ಟೂ ದೊಡ್ಡ ಅಂಕಿ ತೋರಿಸುತ್ತದೆ.

“ನಮ್ಮ ಅಚ್ಚಿನಂಗ ಐತಲ್ರಿ ಅಕ್ಕಾರ” ಎಂದಿದ್ದಳು ಮೊದಲ ದಿನ.

“ಹೌದು, ಆದ್ರ ಈ ಗೊಂಬಿ ಕಣ್ಣಿಗೆ ಕಾಣೂದಿಲ್ಲ” ಎಂದು ಮೇಧಾ ನಕ್ಕಿದ್ದರು.

ಬುಧವಾರ ಕರೆಂಟು ಹೋಗಿ ತೊಳೆಯುವ ಯಂತ್ರ ನಿಂತಿತು. ಉಳಿದ ಇಪ್ಪತ್ತು ಪಟ್ಟಿಗಳನ್ನು ಕಲ್ಲವ್ವ ಮನೆಯ ಅಚ್ಚು ತೊಳೆಯುವ ಕೈರೂಢಿಯಂತೆ ಬರೀ ನೀರಿನಲ್ಲಿ ಮೂರು ಸಲ ಅದ್ದಿ, ಆರಿಸಿ, ನೀಲಿ ಡಬ್ಬಿಗೆ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಕಟ್ಟಿಗೆಯ ಅಚ್ಚು ತೊಳೆಯುತ್ತಿದ್ದಾಗ ಅವಳ ಕೈ ತಟ್ಟನೆ ನಿಂತಿತು. ಸಕ್ಕರೆಯೇನೋ ಬರೀ ನೀರಿಗೆ ಬಿಡುತ್ತದೆ. ಪಟ್ಟಿಗೆ ಆಮ್ಲದ ದ್ರಾವಣದಲ್ಲಿ ಎರಡು ತಾಸು ಬೇಕಿತ್ತು. ತುಂಬಿದ ಕುಳಿಯಲ್ಲಿ ಹೊಸದಕ್ಕೆ ಜಾಗವಿರುವುದಿಲ್ಲ. ವಿದ್ಯುತ್ತು ಇಳಿಯದೆ, ಯಂತ್ರ ರೋಗವಿದ್ದವರಿಗೂ ಇಲ್ಲವೆಂದೇ ತೋರಿಸುತ್ತದೆ. ಆ ಡಬ್ಬಿ ಆಗಲೇ ಕೊಣ್ಣೂರಿನ ತಪಾಸಣಾ ಶಿಬಿರಕ್ಕೆ ಹೋಗಿತ್ತು.

ಒದ್ದೆ ಕೈಯಲ್ಲೇ ಫೋನ್ ಮಾಡಿದಳು. “ಅಕ್ಕಾರ, ನನ್ನಿಂದ ಭಾಳ ತಪ್ಪಾಗೇತ್ರಿ. ಬೇಕಾದ್ರ ಕೆಲಸದಿಂದ ತಗೀರಿ. ಮೊದ್ಲ ಆ ನೀಲಿ ಡಬ್ಬಿ ನಿಲ್ಲಸ್ರಿ.”

ಮೇಧಾ ಸ್ಕೂಟರ್ ತಂದರು. ಇಬ್ಬರೂ ಕೊಣ್ಣೂರಿಗೆ ಧಾವಿಸಿದರು. ಶಿಬಿರದಲ್ಲಿ ಡಬ್ಬಿಯ ಪಟ್ಟಿಗಳನ್ನು ಎಣಿಸಿದರೆ ಹತ್ತೊಂಬತ್ತೇ ಇದ್ದವು. ಒಂದನ್ನು ದ್ಯಾಮಪ್ಪ ಎಂಬ ರೈತನಿಗೆ ಬಳಸಿಯಾಗಿತ್ತು. ಆತ ಖುಷಿಯಿಂದ ಹೊರಗೆ ಚಹಾ ಕುಡಿಯುತ್ತಿದ್ದ. ಮತ್ತೆ ರಕ್ತ ಕೊಡಬೇಕೆಂದು ಕಲ್ಲವ್ವ ಕರೆದಳು.

“ಈಗಷ್ಟ ಚಲೋ ಐತಿ ಅಂದ್ರಲ್ಲ! ಮತ್ತ ಚುಚ್ಚಾಕ ನನ್ನ ರಕ್ತ ಏನ ಮಲಪ್ರಭಾ ಹೊಳಿ ಐತೇನವಾ?”

“ತಪ್ಪು ನಂದ ಅಣ್ಣಾ. ಆ ಪಟ್ಟಿ ನಾ ನೆಟ್ಟಗ ತೊಳದಿದ್ದಿಲ್ಲ. ಇನ್ನೊಮ್ಮಿ ಬಾ.”

ಬೇರೆ ಡಬ್ಬಿಯ ಪಟ್ಟಿ ಹಾಕಿದರು. ಅಂಕಿ ಏರಿತು, ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಮೇಧಾ ದೊಡ್ಡ ದವಾಖಾನೆಗೆ ಚೀಟಿ ಬರೆಯತೊಡಗಿದರು.

ದ್ಯಾಮಪ್ಪ ಕಲ್ಲವ್ವನ ಮುಖ ನೋಡಿದ. “ಇದನ್ನರ ತೊಳದಿದ್ದೇನವಾ?”

ಇಲ್ಲ ಎನ್ನುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು.

“ತೊಳದೇನಿ ಅಣ್ಣಾ,” ಎಂದಳು. “ಇದನ್ನ ಚಲೋತ್ನಂಗ ತೊಳದೇನಿ.”