ಬೆನ್ನ ಮೇಲಿನ ಎಂಟು

ಹನುಮಂತಯ್ಯ ಮೊದಲ ಸಲ ಅಂಜನಮ್ಮನ ಬಾಗಿಲಿಗೆ ಬಂದದ್ದು ಎಂಬತ್ತೊಂದರ ಸಂಕ್ರಾಂತಿಯ ಮಾರನೆಯ ದಿನ. ಕಾಮಾಕ್ಷಿಪಾಳ್ಯದ ಒಂದೇ ಕೋಣೆಯ ಮನೆಯ ಜಗಲಿಯಲ್ಲಿ ಆಕೆ ಗಾರ್ಮೆಂಟ್ಸ್‌ನವರ ಕಾಲರು ಹೊಲಿಯುತ್ತಾ ಕೂತಿದ್ದಳು. ಗಂಡ ತೀರಿಕೊಂಡಾಗಿನಿಂದ ಅದೇ ಕೆಲಸ. ಬಂದವನ ಹುಬ್ಬು, ರೆಪ್ಪೆ, ಕಿವಿಯ ಮಡಿಕೆಯಲ್ಲೆಲ್ಲ ಬೂದಿ ಬಣ್ಣದ ಪುಡಿ ಕೂತಿತ್ತು. ನಲ್ಲಿಗಳಿಗೆ ಹೊಳಪು ಕೊಡುವ ಬಫಿಂಗ್ ಕೆಲಸದವನು ಎಂದು ಕೇಳದೆಯೇ ಗೊತ್ತಾಯಿತು. ಕೈಯಲ್ಲಿ ಬಿಳಿ ಬನಿಯನ್ನು, ಆಯುಧಪೂಜೆಗೆ ಅವನ ಯಂತ್ರಕ್ಕೆ ಹೊದಿಸಿದ್ದ ಕೆಂಪು ಬಟ್ಟೆ.

“ಅಮ್ಮ, ಇದರ ಬೆನ್ನಿಗೆ ಎಂಟು ಅಂತ ಹೊಲೀಬೇಕಿತ್ತು.”

“ಎಂಟೇ ಆಗಬೇಕೇನಪ್ಪ? ಒಂದು ಅಂದ್ರೆ ಈಗ್ಲೇ ಹೊಲಿದುಕೊಡ್ತೀನಿ. ಎಂಟಕ್ಕೆ ಎರಡು ಕಣ್ಣು. ಒಳಗೂ ಮಡಚಬೇಕು, ಹೊರಗೂ ಮಡಚಬೇಕು.”

“ಮೇಷ್ಟ್ರು ಎಂಟೇ ಕೊಟ್ಬಿಟ್ಟವ್ರೆ. ಬೇಸ್‌ಬಾಲ್ ಆಟ ಅಮ್ಮ. ದೊಣ್ಣೇಲಿ ಚೆಂಡು ಹೊಡೆದು, ಮೈದಾನ ಸುತ್ತಿ, ಹೊರಟ ಜಾಗಕ್ಕೇ ವಾಪಸ್ ಬರಬೇಕು.”

“ಗಂಡಸರು ಮನೆಗೆ ವಾಪಸ್ ಬರೋ ಆಟ ಅನ್ನು. ಕಲಿಸಬೇಕಾದ್ದೇ ಬಿಡು.”

ಅವನು ನಕ್ಕ. ನಕ್ಕದ್ದರ ಹಿಂದೆಯೇ ಕೆಮ್ಮಿದ. ಅಂಜನಮ್ಮ ಅಂಚು ಮಡಚಿದ ಮೇಲೆ ಏಳು ಇಂಚು ಎತ್ತರ ಬರುವ ಹಾಗೆ ಎಂಟನ್ನು ಕತ್ತರಿಸಿದಳು. ಆಕೆಗೆ ಅಕ್ಷರ ಅಷ್ಟಕ್ಕಷ್ಟೆ. ಟೇಪಿನ ಗೆರೆಗಳು ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

ಮೇಷ್ಟ್ರು ಎಂದರೆ ಬಸವೇಶ್ವರನಗರದ ಶಾಲೆಯೊಂದರ ಡ್ರಿಲ್ ಮೇಷ್ಟ್ರು ಪದ್ಮನಾಭ. ವರ್ಕ್‌ಶಾಪ್ ಹುಡುಗರನ್ನೆಲ್ಲ ಕಲೆಹಾಕಿ ಭಾನುವಾರ ಬೆಳಿಗ್ಗೆ ಖಾಲಿ ಸೈಟುಗಳಲ್ಲಿ ಆಡಿಸುತ್ತಿದ್ದರು. ಆ ಆಟ ಹುಟ್ಟಿದ ದೇಶದಲ್ಲಿ ಒಬ್ಬ ದೊಡ್ಡ ಆಟಗಾರ ತೊಟ್ಟ ನಂಬರನ್ನು ಅವನ ನಂತರ ಇನ್ನೊಬ್ಬ ದೊಡ್ಡವನು ತೊಡುತ್ತಾನೆ, ಇವನ ಬೆನ್ನು ನೋಡಿದವರು ಅವನನ್ನು ನೆನೆಯುತ್ತಾರೆ ಎಂದು ಅವರೊಮ್ಮೆ ಹೇಳಿದ್ದರು. ಆ ಮಾತು ಹನುಮಂತಯ್ಯನ ಎದೆಯಲ್ಲಿ ಕೂತುಬಿಟ್ಟಿತು.

ಎಂಬತ್ತಮೂರರಲ್ಲಿ ಪುಡಿ ಎದೆಗಿಳಿಯಿತು. ಹೊಡೆಯುವುದಕ್ಕೆ ತೋಳು ಗಟ್ಟಿಯಿತ್ತು, ಓಡುವುದಕ್ಕೆ ಉಸಿರಿರಲಿಲ್ಲ. ಒಂದು ಭಾನುವಾರ ಅರ್ಧ ದಾರಿಯಲ್ಲೇ ಕುಸಿದು ಕೂತ. ಮಾರನೆಯ ದಿನ ಎರಡು ಬನಿಯನ್ನು ಹಿಡಿದು ಜಗಲಿಗೆ ಬಂದ.

“ನಂದರಿಂದ ಬಿಚ್ಚಿ, ನನ್ನ ಜಾಗಕ್ಕೆ ಬಂದಿರೋ ಗುರುಬಸಪ್ಪನ ಬನಿಯನ್ನಿಗೆ ಹಾಕಿಕೊಡಿ.”

“ಅಂಚೆಲ್ಲ ಎಳೆ ಬಿಟ್ಟಿದೆ. ಹೊಸದು ಕತ್ತರಿಸ್ತೀನಿ ಬಿಡಪ್ಪ.”

“ಬೇಡಮ್ಮ. ಇದೇ ಆಗಬೇಕು. ಮೇಷ್ಟ್ರೂ ನಕ್ಕರು. ಆ ದೇಶದಲ್ಲಿ ಬಟ್ಟೆ ಹೊಸದೇ ಕಣೋ, ನಂಬರ್ ಮಾತ್ರ ಹಳೇದು ಅಂದ್ರು. ಅವರ ಹತ್ರ ಬಟ್ಟೆ ಜಾಸ್ತಿ ಇರಬೇಕು ಸಾರ್ ಅಂದೆ. ನಾನಿನ್ನು ಓಡೋದಿಲ್ಲ. ಇದಾದ್ರೂ ಓಡಲಿ.”

ಆಕೆ ಎರಡೂ ಬನಿಯನ್ನು ಕೈಗೆ ತೆಗೆದುಕೊಂಡಳು. ಹಳೆಯ ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು. ಎಳೆ ಬಿಟ್ಟ ಅಂಚನ್ನು ಸುತ್ತಲೂ ಕಾಲಿಂಚು ಒಳಕ್ಕೆ ಮಡಚಿದಳು. ಎಂಟು ಆರೂವರೆ ಇಂಚಿಗೆ ಇಳಿಯಿತು, ಅದರ ಕಣ್ಣುಗಳು ಅರ್ಧ ಇಂಚು ಹಿಗ್ಗಿದವು. ಗುರುಬಸಪ್ಪ ಎರಡು ವರ್ಷ ಆಡಿದ. ಅವನ ನಂತರದವನು ಕೆಲಸ ಸಿಕ್ಕಿ ಹೊಸೂರಿಗೆ ಹೋದ. ಪ್ರತಿ ಸಲವೂ ಬನಿಯನ್ನುಗಳನ್ನು ತಂದವನು ಹನುಮಂತಯ್ಯನೇ. ಪ್ರತಿ ಸಲವೂ ಜಗಲಿಯ ಮೂರು ಮೆಟ್ಟಿಲು ಹತ್ತಲು ಅವನಿಗೆ ಇನ್ನಷ್ಟು ಹೊತ್ತು ಹಿಡಿಯುತ್ತಿತ್ತು. ಎಂಬತ್ತೇಳರಲ್ಲಿ ಆ ನಂಬರು ಲೇತ್ ಕೆಲಸದ ಕಿಟ್ಟಿಯ ಬೆನ್ನಿಗೆ ಬಂದಾಗ ಐದೂವರೆ ಇಂಚು.

“ಇನ್ನೂ ನಾಕು ಜನ ಆಡಿದ್ರೆ ಇದು ಹಣೆ ಬೊಟ್ಟಾಗುತ್ತೆ ಕಣಣ್ಣ,” ಎಂದು ಕಿಟ್ಟಿ ರೇಗಿಸಿದ.

“ನೀನು ಸರಿಯಾಗಿ ಆಡು ಮಗಾ. ಬೊಟ್ಟಾದ್ರೂ ದೂರಕ್ಕೆ ಕಾಣುತ್ತೆ.”

ಮರುವರ್ಷ ಕಿಟ್ಟಿಗೆ ರಾಜ್ಯ ತಂಡದ ಆಯ್ಕೆ ಪಂದ್ಯಕ್ಕೆ ಕರೆ ಬಂತು. ಜೊತೆಗೆ ಬಂದ ಕಾಗದವನ್ನು ಅವನು ಅಂಜನಮ್ಮನಿಗೆ ಓದಿ ಹೇಳಿದ: ನಂಬರು ಆರು ಇಂಚಿಗಿಂತ ಕಮ್ಮಿ ಇದ್ದರೆ ಮೈದಾನಕ್ಕೆ ಬಿಡುವುದಿಲ್ಲ. ಹನುಮಂತಯ್ಯ ಆಗಲೇ ಹಾಸಿಗೆ ಹಿಡಿದಿದ್ದ.

“ಹೊಸದು ಹಾಕ್ಬಿಡಿ ಅಮ್ಮ. ಅಣ್ಣಂಗೆ ಹೇಳೋದು ಬೇಡ.”

“ಮುಚ್ಚಿಡೋ ಕೆಲಸ ನನ್ನ ಕೈಲಾಗಲ್ಲ. ಬನಿಯನ್ನು ಇಟ್ಟುಹೋಗು.”

ಆಕೆ ಒಂದು ಮಧ್ಯಾಹ್ನವೆಲ್ಲ ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೂತಳು. ಹಳೆಯ ಎಂಟನ್ನು ಬಿಚ್ಚಲಿಲ್ಲ. ಅದೇ ಕೆಂಪಿನ ಬಟ್ಟೆಯಲ್ಲಿ ಆರಿಂಚಿನದೊಂದನ್ನು ಕತ್ತರಿಸಿ ಅದರ ಮೇಲೆಯೇ ಹೊಲಿದಳು. ಹೊಸದರ ಮೈ ದೊಡ್ಡದು, ಕಣ್ಣು ಚಿಕ್ಕದು. ಹಳೆಯದು ಎಲ್ಲೂ ಇಣುಕಲಿಲ್ಲ.

ಪಂದ್ಯದ ಹಿಂದಿನ ದಿನ ಇಬ್ಬರೂ ಹನುಮಂತಯ್ಯನ ಮನೆಗೆ ಹೋದರು. ಎರಡು ದಿಂಬಿಗೆ ಒರಗಿ ಕೂತಿದ್ದವನ ಮುಂದೆ ಕಿಟ್ಟಿ ಬೆನ್ನು ತಿರುಗಿಸಿ ನಿಂತ. ಹನುಮಂತಯ್ಯ ಬಹಳ ಹೊತ್ತು ನೋಡಿದ.

“ಇದು ನಮ್ದಲ್ಲ,” ಎಂದ. ಮುಖ ಗೋಡೆಯ ಕಡೆ ಹೊರಳಿಸಿದ.

ಕಿಟ್ಟಿ ತಲೆ ತಗ್ಗಿಸಿದ. ಅಂಜನಮ್ಮ ಅವನನ್ನು ಹಾಸಿಗೆಯ ಪಕ್ಕ ಕೂರಿಸಿ, ಹನುಮಂತಯ್ಯನ ಕೈ ಹಿಡಿದು ಆ ಬೆನ್ನ ಮೇಲಿಟ್ಟಳು.

“ಮುಟ್ಟಿ ನೋಡಪ್ಪ.”

ಹೊಸ ಬಟ್ಟೆಯ ಕೆಳಗೆ ಅಂಚೊಂದು ಉಬ್ಬಿತ್ತು, ನಾಲ್ಕು ಸಲ ಮಡಚಿ ಗಟ್ಟಿಯಾದ ಅಂಚು. ಅವನ ಬೆರಳು ಅದನ್ನೇ ಹಿಡಿದು ಮೇಲಿನ ಕಣ್ಣನ್ನು ಸುತ್ತಿತು, ನಡುವೆ ದಾಟಿತು, ಕೆಳಗಿನದನ್ನು ಸುತ್ತಿ ಹೊರಟಲ್ಲಿಗೇ ಬಂತು. ಅಷ್ಟಕ್ಕೇ ಏದುಸಿರು. ಉಸಿರು ತಹಬಂದಿಗೆ ಬರುವವರೆಗೆ ಬೆರಳು ಅಲ್ಲೇ ಇತ್ತು. ಆಮೇಲೆ ಅವನು ಆಕೆಯನ್ನು ಒಂದು ಮಾತು ಕೇಳಿದ. ಮತ್ತೆ ಕೇಳಲು ಅವನಿಗೆ ದಿನ ಉಳಿದಿರಲಿಲ್ಲ.

“ಮುಂದಿನವನಿಗೆ ಹಾಕೋವಾಗ, ಎರಡನ್ನೂ ಒಟ್ಟಿಗೇ ಬಿಚ್ಚೋಕೆ ಬರುತ್ತೇನಮ್ಮ?”